ಬೇಲಿಯಡಿಯ ಬಾಲಯೇಸು

ಹೊರಗೆ ನೆನೆಯುತ್ತಿರುವುದೇನನ್ನಾದರೂ ಕಂಡರೆ ಒಳಗೆ ತಂದಿಡುವುದು ನನಗೆ ಜನ್ಮಕ್ಕಂಟಿದ ವ್ಯಾಧಿ. ಸದಾ ಮಳೆ ಸುರಿಯುವ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ಮನೆ ಮಾಡಿದವನಿಗೆ ಈ ವ್ಯಾಧಿಯಿದ್ದರೆ ಬಿಡುವೆಂಬುದೇ ಇರುವುದಿಲ್ಲ. ಪಕ್ಕದ ಮನೆಯವರ ಡೋರ್‌ಮ್ಯಾಟನ್ನು ತಂದು ಒಣಗಿಸಿ, ಕಳ್ಳನೆನಿಸಿಕೊಳ್ಳುವುದರಿಂದ ಕೂದಲೆಳೆಯಲ್ಲಿ ಪಾರಾದವನು ನಾನು.

ಹೀಗಿರುವಾಗ, ಮಗಳು ಮಾನಸಿಯ ಮದುವೆಯ ಬೆಳಗ್ಗೆ ಹಿತ್ತಲ ಬೇಲಿಯ ಬುಡದಲ್ಲಿ ಕಿರೀಟ ತೊಟ್ಟ ಬಾಲಯೇಸುವಿನ ವಿಗ್ರಹವೊಂದು ಮಳೆಯಲ್ಲಿ ತೋಯುತ್ತ ನಿಂತಿದ್ದರೆ ಸುಮ್ಮನಿರುವುದು ಹೇಗೆ, ನೀವೇ ಹೇಳಿ. ದೇವರು ಯಾರದಾದರೇನು, ನೆಗಡಿ ನೆಗಡಿಯೇ ಎಂದು ಎತ್ತಿ ತಂದೆ. ಒರೆಸುವಾಗ ಕೈ ಜಾರಿತು. ದೇಹ ಸಿಂಕಿನಲ್ಲಿ, ಶಿರ ನೆಲದ ಮೇಲೆ.

ಸದ್ದಿಗೆ ಓಡಿಬಂದ ಮಾನಸಿ ಬಿಳಿಚಿಕೊಂಡಳು. ಅದು ವರನ ಅಜ್ಜಿ ಬ್ರಿಜೆಟ್ಟಮ್ಮನದು, ನಿನ್ನೆ ಅವರೇ ಬಂದು ಇಟ್ಟುಹೋದದ್ದಂತೆ. ಐರ್ಲೆಂಡಿನ ಮೇಯೋ ಸೀಮೆಯ ಅವರ ಹಳ್ಳಿಯಲ್ಲಿ, ಮದುವೆಯ ಹಿಂದಿನ ಸಂಜೆ ಇದನ್ನು ಬೇಲಿಯಡಿ ಇಟ್ಟರೆ ಮರುದಿನ ಮಳೆ ಬರುವುದಿಲ್ಲವಂತೆ. ಮೇ ತಿಂಗಳಲ್ಲಿ ಮದುವೆಯಾದವರು ಮರುಗುತ್ತಾರೆಂಬುದೂ ಅಲ್ಲಿಯದೇ ಮಾತು. ನಮಗೋ ಜ್ಯೇಷ್ಠ ಮಾಸದಲ್ಲಿ ಜ್ಯೇಷ್ಠ ಪುತ್ರಿಯ ಮದುವೆ ಸಲ್ಲದು, ಆಮೇಲೆ ಆಷಾಢ. ಮೇಯೋದವರಿಗೆ ಬೇಡವಾದ ಮೇ ತಿಂಗಳೇ ನಮಗೆ ಗತಿ. ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದ ಮೇಲೆ ಅಜ್ಜಿ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ತಾಯಿಯಿಲ್ಲದ ಮೊಮ್ಮಗನನ್ನು ಸಾಕಿದವರು ಅವರೇ. ಅವರು ಬಾರದ ಮಂಟಪಕ್ಕೆ ಅವನು ಕಾಲಿಡುವವನಲ್ಲ.

ನಮ್ಮಲ್ಲಂತೂ ಭಗ್ನಮೂರ್ತಿಯೆಂದರೆ ಅಪಶಕುನಗಳ ಸಾರ್ವಭೌಮ.

"ಅಪ್ಪಾ, ಸೂಪರ್‌ಗ್ಲೂ ಹಾಕಿಬಿಡಿ, ಪ್ಲೀಸ್. ನೋಬಡಿ ವಿಲ್ ನೋ," ಎಂದಳು ಮಾನಸಿ.

ಟ್ಯೂಬು ಹುಡುಕಿ ಮುಚ್ಚಳ ತೆಗೆಯುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಮಳೆ ಕಂಡು ಕಂಗಾಲಾಗಿ ಅಜ್ಜಿಯೇ ಬಂದಿದ್ದರು. ಸುಳ್ಳು ಹೇಳಲು ಒಂದು ನಿಮಿಷವೇನೋ ಇತ್ತು. ಮಗಳ ಸಂಸಾರವನ್ನು ಗೋಂದಿನಿಂದ ಆರಂಭಿಸಲು ಮಾತ್ರ ನನಗೆ ಧೈರ್ಯವಾಗಲಿಲ್ಲ. ಎರಡೂ ತುಂಡು ಹಿಡಿದು ಬಾಗಿಲು ತೆರೆದೆ, ತಪ್ಪೊಪ್ಪಿಕೊಂಡೆ.

ಅವರು ಕೇಳಿದ್ದು ಒಂದೇ: "ಬೇಕೆಂದೇ ಒಡೆದಿರೋ, ತಾನಾಗಿ ಬಿತ್ತೋ?"

"ಕೈ ಜಾರಿತು ಅಮ್ಮಾ. ದೇವರಾಣೆ."

ಅಜ್ಜಿ ಕುರ್ಚಿ ಹಿಡಿದು ಕುಳಿತರು. ಬೇಕೆಂದು ಒಡೆದರೆ ಫಲವಿಲ್ಲ, ತಾನಾಗಿ ತಲೆ ಬಿದ್ದರೆ ಅದಕ್ಕಿಂತ ದೊಡ್ಡ ಶುಭವಿಲ್ಲವಂತೆ. ಅಂಟಿಸಿದ್ದರೆ ಆ ಶುಭ ಯಾರಿಗೂ ತಿಳಿಯುತ್ತಲೇ ಇರಲಿಲ್ಲವಲ್ಲ ಎಂದುಕೊಂಡು ಗೋಂದಿನ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದೆ.

"ನನ್ನ ಮದುವೆಯ ದಿನ ಇದು ಇಡಿಯಾಗೇ ಇತ್ತು," ಎಂದರು ಮೆಲ್ಲಗೆ. "ಗಂಡ ಒಂದು ವರ್ಷವೂ ನನ್ನ ಜೊತೆ ಇರಲಿಲ್ಲ."

ಆ ಪುಟ್ಟ ತಲೆಯನ್ನು ಮಾನಸಿಯ ಮದರಂಗಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಹೊರಗೆ ಮಳೆ ಸುರಿಯುತ್ತಲೇ ಇತ್ತು.