ಊಟದ ಕರೆಗೆ ಒಂದು ಮನೆ

ಆ ಮನೆಯ ಸೊಸೆ ಮದುವೆಗೆ ಮುಂಚೆ ಪ್ರೋಗ್ರಾಂ ಬರೆಯುತ್ತಿದ್ದಳು. ಮಗಳು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಈಗ ಮತ್ತೆ ಹೊರಟಿದ್ದಳು. ಆದರೆ ಹೋದ ಇಂಟರ್‌ವ್ಯೂಗಳಲ್ಲೆಲ್ಲ ಮುಗ್ಗರಿಸಿದ್ದಳು. ಉರು ಹೊಡೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಪಾತ್ರೆ ತಿಕ್ಕುತ್ತಲೇ ಕ್ಲಾಸು, ಆಬ್ಜೆಕ್ಟು ಅಂತ ಗುನುಗುತ್ತಿದ್ದಳು. ಎದುರು ಒಬ್ಬರು ಕೂತು ಕೇಳಿದರೆ ಮಾತ್ರ ಎಲ್ಲ ಮಂಗಮಾಯ!

ಗಂಡ ಹೇಳಿಬಿಟ್ಟಿದ್ದ: "ಇದೇ ಕೊನೇದು ನೋಡು. ಇದೂ ಆಗ್ಲಿಲ್ಲ ಅಂದ್ರೆ ಸುಮ್ನೆ ಮನೇಲಿರು." ಅಬ್ಬಾ, ಧಾರಾಳಿ!

ರಜಾ ದಿನ ಮಧ್ಯಾಹ್ನ, ಮಲಗುವ ಕೋಣೆಯ ಚಿಲಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ಪರದೆಯ ಆಚೆಗಿದ್ದ ಮೇಡಂ ಎನ್‌ಕ್ಯಾಪ್ಸುಲೇಷನ್ ಕೇಳಿದರು. ಅದನ್ನು ಹೇಗೋ ದಾಟಿದಳು: "ನಮ್ಮತ್ತೆಯ ಬೀರು ಇದ್ದ ಹಾಗೆ ಮೇಡಂ. ಒಳಗೇನಿದೆಯೋ ಯಾರೂ ಕೈಹಾಕೋ ಹಾಗಿಲ್ಲ. ಅವರನ್ನ ಕೇಳ್ಬೇಕು, ಅವರೇ ತೆಗೆದು ಕೊಡ್ತಾರೆ."

"ಪಾಲಿಮಾರ್ಫಿಸಂ?"

ಉರು ಹೊಡೆದ ಒಂದು ಪದವೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಕಂಚಿನ ಕಂಠ: "ಊಟಕ್ಕೆ ಬನ್ರೋ!"

ಮಾವ ತಟ್ಟೆ ಸದ್ದು ಮಾಡಿದರು. ಗಂಡ, "ಬಂದೆ, ಐದೇ ನಿಮಿಷ" ಎಂದ. ಮಗಳು, "ನಂಗೆ ಹಸಿವಿಲ್ಲ" ಎಂದು ಕಿರುಚಿದಳು.

"ಕೇಳಿಸ್ತಾ ಮೇಡಂ? ಅದೇ!" ಎಂದು ಸೊಸೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ಕರೆ ಒಂದೇ. ಒಬ್ಬೊಬ್ಬರೂ ಅವರವರ ಥರ ಓಗೊಡ್ತಾರೆ."

ಮೇಡಂ ಬಿದ್ದು ಬಿದ್ದು ನಕ್ಕರು. "ಅದೇ ಕರೆಗೆ ನೀವು?"

ಸೊಸೆಯ ನಗು ನಿಂತಿತು. "ನಾನು ಎಲ್ಲರದೂ ಊಟ ಆದ್ಮೇಲೆ. ಅದು ನಮ್ಮತ್ತೆಯಿಂದ ಬಂದಿದ್ದು, ಅವರೂ ಕೊನೆಗೇ ಕೂರೋದು. ಇನ್‌ಹೆರಿಟೆನ್ಸ್."

"ಬದಲಾಯಿಸೋಕಾಗಲ್ವಾ?"

"ಯಾಕಾಗಲ್ಲ? ಓವರ್‌ರೈಡ್ ಮಾಡಿದ್ರಾಯ್ತು. ಮೇಲಿನ ಕ್ಲಾಸಿಂದ ಬಂದಿದ್ದನ್ನ ಹಾಗೇ ಇಟ್ಕೋಬೇಕು ಅಂತೇನಿಲ್ಲ. ಅದೇ ಹೆಸರಲ್ಲಿ ನಮ್ಮದನ್ನ ನಾವೇ ಬರ್ಕೋಬಹುದು." ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಕೇಳಿಸಿತು.

ಆ ವಾರವೇ ಫೋನು ಬಂತು, ಕೆಲಸ ಸಿಕ್ಕಿತ್ತು. ಗಂಡ, "ನಂಗೆ ಮೊದ್ಲೇ ಗೊತ್ತಿತ್ತು" ಎಂದ. ಇವನ ಬಾಯಿಗಿಷ್ಟು ಬೀಗ ಬೀಳಬಾರದೇ!

ಆವತ್ತು ರಾತ್ರಿ ಅತ್ತೆ ಕೂಗಿದ ತಕ್ಷಣ ಸೊಸೆ ಎಲ್ಲರಿಗಿಂತ ಮೊದಲು ಬಂದು ತಟ್ಟೆಯ ಮುಂದೆ ಕೂತಳು. ಸೌಟು ಹಿಡಿದಿದ್ದ ಅತ್ತೆ ಹುಬ್ಬೇರಿಸಿದರು.

"ಇದೇನೇ ಹೊಸದು?"

"ಓವರ್‌ರೈಡ್ ಅತ್ತೆ."

"ಆವತ್ತು ಬಾಗಿಲ ಆಚೆ ನಿಂತು ಕೇಳಿಸ್ಕೊಂಡೆ ಬಿಡು" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅದು ಕೆಳಗಿನವರಿಗೆ ಮಾತ್ರಾನಾ, ನನ್ನ ಹಾಗೆ ಮೇಲಿರೋರೂ ಮಾಡ್ಬಹುದಾ?"

ಸೊಸೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಅತ್ತೆ ಸೌಟನ್ನು ಆಗಷ್ಟೇ ಊಟಕ್ಕೆ ಬಂದ ಮಗನ ಕೈಗೆ ತುರುಕಿ ಕೂತರು. "ಬಡಿಸೋ," ಎಂದರು, "ಐದು ನಿಮಿಷ ಬಿಟ್ಟಲ್ಲ, ಈಗ."