ಕೀ ಗೊಂಚಲಿನ ಸದ್ದು

ನಾನು ಎಷ್ಟು ಕರೆದರೂ ನನ್ನ ಮೂರು ವರ್ಷದ ಮಗಳು ಓಗೊಡದ್ದನ್ನು ನೋಡಿ, ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಪಕ್ಕ ಕೂತಿದ್ದ ಕಪ್ಪು ಜನಾಂಗದ ಅಮೆರಿಕನ್ ಮಹಿಳೆ ತನ್ನ ಕೀ ಗೊಂಚಲನ್ನು ಅವಳ ಬೆನ್ನ ಹಿಂದೆ ಬೇಕೆಂದೇ ಬೀಳಿಸಿದಳು. ಎಲ್ಲರೂ ಬೆಚ್ಚಿದರು. ಮಗಳು ತಿರುಗಲೇ ಇಲ್ಲ.

ಅವಳಿಗೆ ಪದೇ ಪದೇ ಕಿವಿನೋವು; ಮಾತೂ ಬಂದಿರಲಿಲ್ಲ. "ಎರಡು ಭಾಷೆಯಿಂದ ಗೊಂದಲ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂದು ಡಾಕ್ಟರ್ ಪ್ರತಿ ಸಲವೂ ಕಳಿಸಿಬಿಡುತ್ತಿದ್ದರು. ವೈ-ಟು-ಕೆ ಸಾಫ್ಟ್‌ವೇರ್ ಕೆಲಸಕ್ಕೆಂದು ಅಮೆರಿಕದ ಜರ್ಸಿ ಸಿಟಿಗೆ ಬಂದ ಹೊಸತು. ನಾವೂ ತಲೆಯಾಡಿಸಿ ಕನ್ನಡವನ್ನೇ ಬಿಟ್ಟಿದ್ದೆವು, ಲಾಲಿಯನ್ನೂ! ಅದನ್ನೆಲ್ಲ ಆಕೆಗೆ ಹೇಳಿದೆ.

"ನನ್ನ ಮಗನನ್ನೂ ಹಠಮಾರಿ ಅಂತ ಎರಡು ವರ್ಷ ವಾಪಸ್ ಕಳಿಸಿದ್ರು, ಅವನಿಗೆ ಕಿವಿ ಕೇಳ್ತಿರಲಿಲ್ಲ ಅಷ್ಟೆ. ಬಿಳಿಯರ ಮಕ್ಕಳಿಗೆ ಕೇಳಿದ ತಕ್ಷಣ ಟೆಸ್ಟ್ ಸಿಗುತ್ತೆ, ನಾವು ಜಗಳ ಆಡ್ಬೇಕು. ಹಿಯರಿಂಗ್ ಟೆಸ್ಟ್‌ಗೆ ಬರೆದುಕೊಡೋ ತನಕ ಕುರ್ಚಿ ಬಿಟ್ಟು ಏಳ್ಬೇಡಿ," ಎಂದಳು ಆಕೆ ಇಂಗ್ಲಿಷಿನಲ್ಲಿ.

ಡಾಕ್ಟರ್ ಬರೆದುಕೊಡುವ ತನಕ ನಾನು ಏಳಲಿಲ್ಲ. ಟೆಸ್ಟ್ ಮಾಡಿದಾಗ ಎರಡೂ ಕಿವಿಗಳ ಒಳಗೆ ನೀರು ತುಂಬಿದ್ದು ಗೊತ್ತಾಯಿತು. ಸಣ್ಣ ಆಪರೇಷನ್ ಮಾಡಿ, ನೀರು ಇಳಿಯಲೆಂದು ಪುಟ್ಟ ಟ್ಯೂಬ್ ಹಾಕಿದರು. ಮರುದಿನ ಕುಕ್ಕರ್ ಕೂಗಿದ್ದೇ ತಡ, ದಿನವೂ ಅದರ ಪಕ್ಕದಲ್ಲೇ ಆಡುತ್ತಿದ್ದ ಮಗಳು ಹೌಹಾರಿ ಓಡಿಬಂದು ನನ್ನ ಕಾಲು ತಬ್ಬಿಕೊಂಡಳು. "ಏನಿಲ್ಲ ಪುಟ್ಟಿ, ಅನ್ನ ಆಯ್ತು" ಎಂದೆ, ಕನ್ನಡದಲ್ಲೇ.

ವೇಟಿಂಗ್ ರೂಮಿನ ಆ ಮಹಿಳೆಯ ಹೆಸರು ಕೇಳಲೇ ಇಲ್ಲ. ಈಗ ನಮ್ಮವರು ಯಾರಾದರೂ "ಎರಡು ಭಾಷೆ ಅಲ್ವಾ, ಮಗು ಕನ್‌ಫ್ಯೂಸ್ ಆಗಿದೆ" ಎಂದರೆ, ನಾನು ಮೆಲ್ಲಗೆ ಬ್ಯಾಗಿನಿಂದ ಕೀ ಗೊಂಚಲು ಹೊರತೆಗೆಯುತ್ತೇನೆ.