ಒಳಗಿನಿಂದ ತೆರೆಯದ ಬಾಗಿಲು

ಅಂಕಲ್ ಅವರ ಎಡಗೈ ಬಲಗೈಗಿಂತ ಕಪ್ಪಗಿತ್ತು. ಎಡಕ್ಕೆ ಸ್ಟಿಯರಿಂಗ್ ಇರುವ ಕುವೈತಿನ ಕಾರಿನಲ್ಲಿ, ಕಿಟಕಿಗೆ ಮೊಣಕೈ ಊರಿಕೊಂಡೇ ಅವರು ವರ್ಷಗಟ್ಟಲೆ ಓಡಾಡಿದ್ದರು. ಆ ಹಳೇ ಕಾರಿನ ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯುತ್ತಿರಲಿಲ್ಲ. ಇಳಿಯುವ ಜಾಗ ಬಂದಾಗ ನೋಯುವ ಮಂಡಿ ಎಳೆದುಕೊಂಡು ಸುತ್ತಿ ಬಂದು ಅವರೇ ತೆಗೆಯಬೇಕು. "ರಿಪೇರಿ ಮಾಡಿಸಿ ಅಂಕಲ್" ಎಂದರೆ, "ಎಂತಕ್ಕೆ? ನಾನಿದ್ದೇನಲ್ಲ" ಎನ್ನುತ್ತಿದ್ದರು.

ಉಡುಪಿ ಕಡೆಯವರು. ಕುವೈತ್ ನಗರದ ಮಿರ್ಕಾಬ್‌ನ ಒಂದು ಆಫೀಸಿನಲ್ಲಿ ಕೆಲಸ, ಅಲ್ಲೇ ಹತ್ತಿರದ ಕೋಣೆಯಲ್ಲಿ ಒಬ್ಬರೇ ವಾಸ. ನಾವು ಮೈಸೂರಿನವರು, ಮೈದಾನ್ ಹವಲ್ಲಿಯ ಪುಟ್ಟ ಫ್ಲ್ಯಾಟಿನಲ್ಲಿದ್ದೆವು. ಗಂಡನಿಗೆ ಶುಕ್ರವಾರವೂ ಆಸ್ಪತ್ರೆ ಡ್ಯೂಟಿ, ನನಗೆ ಡ್ರೈವಿಂಗ್ ಬಾರದು. ಕನ್ನಡ ಸಂಘ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದದ್ದು ಮಿರ್ಕಾಬ್‌ನಲ್ಲಿ. ಆ ವಲಯದ ಪ್ರತಿನಿಧಿಯಾಗಿದ್ದ ಅಂಕಲ್, ತಮಗೆ ರಜೆ ಸಿಕ್ಕ ಶುಕ್ರವಾರ ಬಂದು ನನ್ನನ್ನೂ ಮಗಳನ್ನೂ ಕರೆದೊಯ್ಯುತ್ತಿದ್ದರು. ರಜೆ ಸಿಗದಿದ್ದರೆ ತರಗತಿ ತಪ್ಪುತ್ತಿತ್ತು. ಹಾಗೆ ತಪ್ಪಿದ್ದೇ ಹೆಚ್ಚು.

ಸಂಘದ ವಲಯಗಳನ್ನು ಗೀಚಿದ್ದು ಹಿಂದೆಂದೋ, ಕನ್ನಡಿಗರೆಲ್ಲ ಮಿರ್ಕಾಬ್ ಸುತ್ತಲೇ ಇದ್ದ ಕಾಲದಲ್ಲಿ. ಈಗ ಅಲ್ಲಿನ ಬೆರಳೆಣಿಕೆಯ ಮನೆಗಳಿಗೂ ಒಬ್ಬ ಪ್ರತಿನಿಧಿ, ಜನ ಕಿಕ್ಕಿರಿದ ನಮ್ಮ ಹವಲ್ಲಿಗೂ ಒಬ್ಬರೇ. ಮನೆಗಳ ಸಂಖ್ಯೆ ನೋಡಿ ಗೆರೆಗಳನ್ನು ಹೊಸದಾಗಿ ಎಳೆಯಬೇಕೆಂದು ಠರಾವು ಬಂತು. ಪಾಸಾದರೆ ನಮಗೆ ಇನ್ನೊಂದು ಸ್ಥಾನ, ಅದರ ಬಲದಿಂದ ತರಗತಿ ನಮ್ಮ ಬೀದಿಗೇ ಬಂದೀತು. ಆದರೆ ಮಿರ್ಕಾಬ್ ವಲಯ ಇರುವುದಿಲ್ಲ, ಅಂಕಲ್ ಅವರ ಸ್ಥಾನವೂ ಇರುವುದಿಲ್ಲ. ಕೈ ಎತ್ತಿಯೇ ಮತ ಹಾಕಬೇಕು. ಸಭೆಗೆ ಹೋಗುವುದಾದರೂ ಯಾರ ಕಾರಿನಲ್ಲಿ? ಅವರದ್ದರಲ್ಲೇ!

ವಾರವೆಲ್ಲ ನನಗೆ ನಿದ್ದೆಯಿಲ್ಲ. ಹುಷಾರಿಲ್ಲ ಎಂದು ನೆಪ ಹೇಳೋಣವೆಂದರೆ ಗಂಜಿ ಹಿಡಿದುಕೊಂಡು ಮನೆ ಬಾಗಿಲಿಗೇ ಬರುವ ಆಸಾಮಿ.

ಹಿಂದಿನ ಸೀಟಿನಲ್ಲಿ ಮಗಳೊಂದಿಗೆ ಕೂತ ನಾನಾಗಲಿ ಅಂಕಲ್ ಆಗಲಿ ಠರಾವಿನ ಮಾತೆತ್ತಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮಗಳೇ ಬಾಯಿಬಿಟ್ಟಳು. "ಅಮ್ಮಾ, ಆರ್ ಯು ವೋಟಿಂಗ್ ಫಾರ್ ಅಂಕಲ್?"

ಇಳಿದು ಓಡಿಬಿಡಬೇಕೆನಿಸಿತು. ಬಾಗಿಲಿನ ಕಥೆ ಗೊತ್ತೇ ಇದೆಯಲ್ಲ.

ಅಂಕಲ್ ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕರು. "ಕನ್ನಡದಲ್ಲಿ ಕೇಳು ಪುಟ್ಟಿ, ಆಗ ಅಮ್ಮ ಹೇಳ್ತಾರೆ."

ನನ್ನನ್ನು ಪಾರುಮಾಡಲೆಂದೇ ಹಾಗೆಂದರು. ಮಗಳು "ಅಮ್ಮಾ, ನೀನು ಅಂಕಲ್‌ಗೆ..." ಎಂದು ಶುರುಮಾಡಿ, ಮುಂದಿನ ಪದ ಸಿಗದೆ ಕಿಟಕಿಯತ್ತ ತಿರುಗಿಕೊಂಡಳು. ಆ ಸಿಗದ ಪದದಲ್ಲೇ ನನ್ನ ನಿರ್ಧಾರ ಆಗಿಹೋಯಿತು.

ಸಭೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ಕೂತು ಠರಾವಿನ ಪರ ಕೈ ಎತ್ತಿದೆ. ಅವರು ಎದುರಿನ ಗೋಡೆ ನೋಡುತ್ತಿದ್ದರು. ಠರಾವು ಗೆದ್ದಿತು. ಟ್ಯಾಕ್ಸಿ ಹಿಡಿಯೋಣವೆಂದು ಮಗಳನ್ನು ಎಳೆದುಕೊಂಡು ಹೊರಬಂದರೆ, ಅಂಕಲ್ ಹಿಂದಿನ ಬಾಗಿಲು ತೆರೆದು ನಿಂತಿದ್ದಾರೆ.

"ಎಂತ ನೋಡುದು ಮಾರಾಯ್ತಿ? ಹತ್ತು, ಎಸಿ ಎಲ್ಲ ಹೊರಗೆ ಹೋಗ್ತದೆ."

ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ತರಗತಿ ನಮ್ಮ ಎದುರಿನ ಕಟ್ಟಡಕ್ಕೇ ಬಂತು. ಕೆಲವು ತಿಂಗಳ ಮೇಲೆ ಒಂದು ಶುಕ್ರವಾರ ಕೆಳಗಡೆ ಅದೇ ಹಾರನ್. ಇಳಿದು ಹೋದೆ.

"ಇನ್ನು ನನ್ನ ಕಾರು ಬೇಡ ಅಂತ ಗೊತ್ತುಂಟು. ಬ್ಯಾಟರಿ ಇಳೀತದೆ ಅಂತ ಸ್ವಲ್ಪ ಓಡಿಸ್ಲಿಕ್ಕೆ ಬಂದೆ" ಎಂದರು.

ಹಿಂದೆಯೇ ಬಂದ ಮಗಳು, "ಅಂಕಲ್, ಮೇಲೆ ಬನ್ನಿ, ಕಾಫಿ ಕುಡೀರಿ" ಅಂದಳು. ಅದನ್ನು ಅವರು ಇನ್ನೊಮ್ಮೆ ಹೇಳಿಸಿ ಕೇಳಿಸಿಕೊಂಡರು.

ಕುವೈತಿನ ವಾಸದ ಪರವಾನಗಿ ಇಕಾಮಾ ಮುಗಿಸಿ ಊರಿಗೆ ಹೋದ ಅಂಕಲ್ ಹೆಚ್ಚು ಕಾಲ ಬದುಕಲಿಲ್ಲ. ಸುದ್ದಿ ಸಂಘದ ವಾಟ್ಸಾಪ್‌ನಲ್ಲಿ ಬಂತು, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಸರಿಯಾದುದಕ್ಕೇ ಕೈ ಎತ್ತಿದೆನೆಂದು ಇವತ್ತಿಗೂ ನಂಬಿದ್ದೇನೆ, ಆದರೂ ಅವರ ಋಣದಿಂದ ಹೊರಬರುವ ದಾರಿ ಕಂಡಿಲ್ಲ. ಟ್ಯಾಕ್ಸಿ ಮನೆ ಮುಂದೆ ನಿಂತರೂ ಕೆಲವೊಮ್ಮೆ ಸುಮ್ಮನೆ ಕೂತೇ ಇರುತ್ತೇನೆ, ಯಾರೋ ಸುತ್ತಿ ಬರುತ್ತಾರೆಂಬಂತೆ.

"ಅಮ್ಮಾ, ಈ ಬಾಗಿಲು ಒಳಗಿಂದ್ಲೇ ತೆಗೀಬಹುದು" ಎಂದು ಮಗಳು ಸ್ವಚ್ಛ ಕನ್ನಡದಲ್ಲಿ ಹೇಳುತ್ತಾಳೆ.